ಹಾನಿಗೊಂಡ ನಾಣ್ಯವೆಂಬ ತೀರ್ಪು: ಒಂದು ಗ್ರೇಡಿಂಗ್ ಸೇವೆಯ ವಿಮರ್ಶೆ

ನಾಣ್ಯಗಳನ್ನು ಪರೀಕ್ಷಿಸಿ, ದರ್ಜೆ ನಿಗದಿಪಡಿಸಿ, ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಭದ್ರವಾಗಿ ಮುಚ್ಚಿ ಹಿಂದಿರುಗಿಸುವ ಗ್ರೇಡಿಂಗ್ ಸಂಸ್ಥೆಯೊಂದಕ್ಕೆ ನಾನು ಕೆಲವು ಬೆಳ್ಳಿ ಮತ್ತು ತಾಮ್ರದ ನಾಣ್ಯಗಳನ್ನು ಕಳುಹಿಸಿದ್ದೆ. ದರ್ಜೆ ಎಷ್ಟು ಬಂದೀತು ಎಂಬುದಕ್ಕಿಂತ ಯಾವುದನ್ನು ಹಾನಿಗೊಂಡದ್ದೆಂದು ಬದಿಗಿಡುತ್ತಾರೆ ಎಂಬ ಕುತೂಹಲವೇ ನನಗೆ ಹೆಚ್ಚಾಗಿದ್ದುದರಿಂದ, ಬೇಕೆಂದೇ ಅನುಮಾನಕ್ಕೆ ಎಡೆಯಿರುವ ನಾಣ್ಯಗಳನ್ನು ಆರಿಸಿದ್ದೆ. ಈ ವಿಮರ್ಶೆ ಆ ಒಂದು ಅಂಶಕ್ಕೆ ಸೀಮಿತವಾಗಿದೆ.

1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಅಳತೆಯನ್ನೇ, 1980ರ ದಶಕದಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು ಎನ್‌ಜಿಸಿಯಂಥ ಗ್ರೇಡಿಂಗ್ ಸಂಸ್ಥೆಗಳು ಇಂದಿಗೂ ಬಳಸುತ್ತವೆ. ಹಾನಿಗೊಂಡ ನಾಣ್ಯಕ್ಕೆ ಈ ಅಂಕಿ ಸಿಗುವುದಿಲ್ಲ. ಸವೆತದ ಮಟ್ಟವನ್ನು ಹೇಳಿ, ಪಕ್ಕದಲ್ಲಿ ‘ಡೀಟೇಲ್ಸ್’ ಎಂದು ಸೇರಿಸಿ, ಕಾರಣವನ್ನು ಒಂದೆರಡು ಪದಗಳಲ್ಲಿ ಮುದ್ರಿಸುತ್ತಾರೆ. ದರ್ಜೆಯ ಅಂಕಿಗಳಿಂದ ಬೇರೆಯಾದ, ಕಾರಣಗಳಿಗೆಂದೇ ಇರುವ ಪಿಸಿಜಿಎಸ್‌ನ ಸಂಕೇತಗಳ ಪಟ್ಟಿಯಲ್ಲಿ 92 ಎಂದರೆ ತೊಳೆದು ಉಜ್ಜಿದ್ದು, 95 ಎಂದರೆ ಗೀರು, 97 ಎಂದರೆ ಮಣ್ಣು, ತೇವ ಮುಂತಾದ ಪರಿಸರದಿಂದಾದ ಹಾನಿ, 98 ಎಂದರೆ ಇತರ ಹಾನಿ. ಲೇಬಲ್ಲಿನ ಮೇಲೆ ‘ಡೀಟೇಲ್ಸ್’ ಎಂಬ ಪದ ಬಿದ್ದ ಕೂಡಲೇ ಕೊಳ್ಳುವವರ ಸಂಖ್ಯೆ ಕುಗ್ಗುವುದರಿಂದ ತೀರ್ಪು ಹಗುರವಾದದ್ದಲ್ಲ.

ಟಂಕಸಾಲೆಯಲ್ಲೇ ಉಂಟಾದ ದೋಷವನ್ನೂ ಟಂಕಸಾಲೆ ಬಿಟ್ಟ ಮೇಲೆ ಆದ ಹಾನಿಯನ್ನೂ ಬೇರ್ಪಡಿಸುವಲ್ಲಿ ಈ ಸೇವೆ ನಿಜಕ್ಕೂ ಗಟ್ಟಿಯಾಗಿದೆ. ನಾನು ಕಳುಹಿಸಿದ ಒಂದು ಬೆಳ್ಳಿ ನಾಣ್ಯದ, ಚಿತ್ರ ಅಕ್ಷರಗಳಿಲ್ಲದ ಬಯಲು ಭಾಗದಲ್ಲಿ ಕೂದಲೆಳೆಯಂಥ ಸಮಾನಾಂತರ ಗೆರೆಗಳಿದ್ದವು. ಮೊದಲ ನೋಟಕ್ಕೆ ಯಾರೋ ಒರಟು ಬಟ್ಟೆಯಿಂದ ಉಜ್ಜಿದಂತೆ ಕಾಣುತ್ತದೆ. ಆದರೆ ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿದರೆ ಆ ಗೆರೆಗಳು ಕೊರೆದವಲ್ಲ, ಉಬ್ಬಿದವು. ಅಕ್ಷರಗಳ ಬುಡಕ್ಕೆ ಬಂದು ನಿಲ್ಲುತ್ತವೆ, ಅಕ್ಷರದ ಮೇಲೆ ಹತ್ತುವುದಿಲ್ಲ. ಅಚ್ಚನ್ನು ನಯಗೊಳಿಸಿದಾಗ ಅದರ ಮೇಲೆ ಬಿದ್ದ ಗೀರುಗಳೇ ನಾಣ್ಯದ ಮೇಲೆ ಉಬ್ಬುಗೆರೆಗಳಾಗಿ ಮೂಡಿವೆ. ಸಂಸ್ಥೆ ಅದಕ್ಕೆ ಯಾವ ತಕರಾರೂ ಇಲ್ಲದೆ ಅಂಕಿ ಕೊಟ್ಟಿತು. ತೂಕ ಹೆಚ್ಚಾಗಿದ್ದ ಬಿಲ್ಲೆಯನ್ನು ಟಂಕಿಸುವ ಮುನ್ನ ಅರದಿಂದ ಉಜ್ಜಿ ಸರಿಪಡಿಸಿದ ಗುರುತುಗಳಿದ್ದ ಇನ್ನೊಂದು ಹಳೆಯ ನಾಣ್ಯವೂ ಹಾಗೆಯೇ ಪಾರಾಯಿತು. ಅಚ್ಚಿನ ಬಿರುಕು, ಪದರ ಎದ್ದ ಲೋಹ ಇವುಗಳಲ್ಲೂ ಎಡವಲಿಲ್ಲ.

ತೊಳೆದ ನಾಣ್ಯಗಳ ವಿಷಯದಲ್ಲಿಯೂ ಅವರ ಕಣ್ಣು ಚುರುಕು. ಅಚ್ಚಿನ ಒತ್ತಡಕ್ಕೆ ಲೋಹ ಅಂಚಿನ ಕಡೆಗೆ ಹರಿಯುವಾಗ ಮೇಲ್ಮೈಯಲ್ಲಿ ಅತಿ ಸೂಕ್ಷ್ಮ ಗೆರೆಗಳು ಉಂಟಾಗುತ್ತವೆ. ನಾಣ್ಯವನ್ನು ದೀಪದ ಕೆಳಗೆ ಓಲಾಡಿಸಿದಾಗ ಚಕ್ರದ ಕಡ್ಡಿಗಳಂತೆ ಸುತ್ತುವ ಬೆಳಕು ಹುಟ್ಟುವುದು ಅವುಗಳಿಂದಲೇ. ಆಮ್ಲದ ದ್ರಾವಣದಲ್ಲಿ ಹೆಚ್ಚು ಹೊತ್ತು ಅದ್ದಿದರೆ ಆ ಗೆರೆಗಳು ಕರಗಿ, ನಾಣ್ಯ ಬೆಳ್ಳಗಿದ್ದರೂ ನಿರ್ಜೀವವಾಗಿ ಕಾಣುತ್ತದೆ. ಇಂಥ ಒಂದು ನಾಣ್ಯವನ್ನು ಅವರು ನಿಸ್ಸಂಶಯವಾಗಿ ಗುರುತಿಸಿದರು. ಪಿವಿಸಿ ಚೀಲದಿಂದ ಅಂಟಿದ್ದ ಹಸಿರು ಜಿಡ್ಡನ್ನು ಅಸಿಟೋನಿನಲ್ಲಿ, ಉಜ್ಜದೆ, ನೆನೆಸಿ ತೆಗೆದ ನಾಣ್ಯಕ್ಕೆ ಮಾತ್ರ ಆಕ್ಷೇಪ ಬರಲಿಲ್ಲ. ಅಸಿಟೋನ್ ಜಿಡ್ಡನ್ನು ಕರಗಿಸುತ್ತದೆಯೇ ಹೊರತು ಬೆಳ್ಳಿಯನ್ನು ತಿನ್ನುವುದಿಲ್ಲವಾದ್ದರಿಂದ ಈ ತೀರ್ಪು ನ್ಯಾಯವಾದದ್ದೇ.

ನನ್ನ ಅಸಮಾಧಾನವಿರುವುದು ಗೀರುಗಳ ಬಗ್ಗೆ. ಚಲಾವಣೆಯಲ್ಲಿ ಸವೆದ ನಾಣ್ಯದ ಮೇಲೆ ಸಣ್ಣಪುಟ್ಟ ಗುರುತುಗಳಿರುವುದು ಸಹಜ. ಚಲಾವಣೆಗೆ ಬಾರದ ನಾಣ್ಯದ ಮೇಲೂ ಚೀಲದೊಳಗೆ ಒಂದಕ್ಕೊಂದು ತಾಗಿದ ಗುರುತುಗಳಿರುತ್ತವೆ. ಇವು ಯಾವ ಹಂತದಲ್ಲಿ ಹಾನಿಯಾಗುತ್ತವೆ ಎಂಬುದೇ ಪ್ರಶ್ನೆ. ಒಂದು ನಾಣ್ಯದಲ್ಲಿ ರಾಜಮುಖದ ಕೆನ್ನೆಯನ್ನು ಅಡ್ಡ ಹಾಯ್ದ ಉದ್ದನೆಯ ಗೀರಿತ್ತು, ಅದರ ತಳವೂ ಸುತ್ತಲಿನ ಬೆಳ್ಳಿಯಷ್ಟೇ ಕಪ್ಪಾಗಿತ್ತು. ಅದಕ್ಕೆ ಅಂಕಿ ಸಿಕ್ಕಿತು. ಇನ್ನೊಂದರಲ್ಲಿ ಅದರ ಅರ್ಧದಷ್ಟೂ ಇಲ್ಲದ, ಬಯಲಿನಲ್ಲಿದ್ದ, ತಳ ಇನ್ನೂ ಹೊಳೆಯುತ್ತಿದ್ದ ಗೀರಿಗೆ ‘ಸ್ಕ್ರ್ಯಾಚ್’ ಎಂಬ ಲೇಬಲ್ ಬಂತು. ಗೀರು ಹೊಸದು, ಬರಿಯ ಬಯಲಿನಲ್ಲಿ ಕಣ್ಣಿಗೆ ರಾಚುತ್ತದೆ ಎಂಬುದು ಕಾರಣವಿರಬಹುದು ಮತ್ತು ಆ ಕಾರಣವನ್ನು ನಾನು ಒಪ್ಪಿಕೊಳ್ಳಲೂಬಲ್ಲೆ. ಆದರೆ ಅದನ್ನು ನಾನೇ ಊಹಿಸಿಕೊಳ್ಳಬೇಕಾಯಿತು. ಯಾವ ಗೀರು, ಎಲ್ಲಿ, ಏಕೆ ಎಂಬುದು ವರದಿಯಲ್ಲಿಲ್ಲ, ಚಿತ್ರದ ಮೇಲೆ ಒಂದು ಗುರುತೂ ಇಲ್ಲ. ವಿಚಾರಿಸಿದಾಗ, ಪರೀಕ್ಷಕರ ಅಭಿಪ್ರಾಯವೇ ಅಂತಿಮ ಎಂಬ ಸಿದ್ಧ ಉತ್ತರ ಬಂದಿತು. ಶುಲ್ಕ ತೆಗೆದುಕೊಂಡು ಕೊಡುವ ಅಭಿಪ್ರಾಯಕ್ಕೆ ಒಂದು ಸಾಲಿನ ವಿವರಣೆಯನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.

ಹಾನಿಯೆಂಬುದು ಲೋಹದ ಮೇಲಿನ ಗುರುತನ್ನಷ್ಟೇ ಅವಲಂಬಿಸಿಲ್ಲ ಎಂಬುದಕ್ಕೆ ಏಷ್ಯಾದೊಂದಿಗಿನ ವ್ಯಾಪಾರಕ್ಕೆಂದು 1873ರಿಂದ ಟಂಕಿಸಲಾದ ಅಮೆರಿಕದ ಬೆಳ್ಳಿಯ ಟ್ರೇಡ್ ಡಾಲರುಗಳೇ ಸಾಕ್ಷಿ. ಚೀನೀ ವರ್ತಕರು ಬೆಳ್ಳಿಯನ್ನು ಪರೀಕ್ಷಿಸಿ ಅವುಗಳ ಮೇಲೆ ಒತ್ತಿದ ಮುದ್ರೆಗಳು ಯಾವುದೇ ಗೀರಿಗಿಂತ ಆಳವಾಗಿದ್ದರೂ, ಅವನ್ನು ನಾಣ್ಯದ ಇತಿಹಾಸವೆಂದು ಬಗೆದು ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಹೀಗಿರುವಾಗ ತೀರ್ಪಿಗೆ ಕಾರಣ ಬರೆಯುವುದು ಇನ್ನಷ್ಟು ಅಗತ್ಯ.

ಹೊಳಪು ಸಹಜವೋ ಕೃತಕವೋ, ದೋಷ ಅಚ್ಚಿನದೋ ಆಮೇಲಿನದೋ ಎಂದು ತಿಳಿಯದಿದ್ದರೆ ಈ ಸೇವೆಗೆ ಹಣ ಕೊಡಬಹುದು. ತೂತು ಬಿದ್ದ, ಬೆಸುಗೆ ಹಾಕಿದ, ಅಂಚು ಜಜ್ಜಿದ ನಾಣ್ಯಗಳನ್ನು ಕಳುಹಿಸುವುದು ವ್ಯರ್ಥ. ಅದು ನಮ್ಮ ಕಣ್ಣಿಗೇ ಕಾಣುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಳುಹಿಸುವವರು ಎರಡೂ ಮುಖಗಳ ಜೊತೆಗೆ ಅಂಚಿನ ಸುತ್ತಲೂ ಚಿತ್ರ ತೆಗೆದಿಟ್ಟುಕೊಳ್ಳಲಿ, ಏಕೆಂದರೆ ನನಗೆ ಬಂದ ಹೋಲ್ಡರಿನಲ್ಲಿ ಅಂಚು ಪೂರ್ತಿ ಮುಚ್ಚಿಹೋಗಿದೆ, ಆಭರಣದಿಂದ ಬಿಡಿಸಿದ ನಾಣ್ಯದ ಗುರುತುಗಳು ಹೆಚ್ಚಾಗಿ ಉಳಿಯುವುದು ಅಲ್ಲಿಯೇ.