ಪುಣೆಯ ಚಿತ್ರಮಂದಿರವೊಂದರಲ್ಲಿ ಭಯದ ಮೊದಲ ನಿಮಿಷಗಳು

ಕೊಥ್ರೂಡಿನ ಕನ್ನಡಿಗ ಗೆಳೆಯರೊಂದಿಗೆ ಹಳೆಯ ಭಯಾನಕ ಚಿತ್ರಗಳ ಮರುಪ್ರದರ್ಶನಕ್ಕೆ ನಾನು ಹೋಗುವ ಚಿತ್ರಮಂದಿರದ ಬಹುದೊಡ್ಡ ಗುಣ ಅದರ ಧ್ವನಿವ್ಯವಸ್ಥೆ. 1980ರ ‘ದಿ ಶೈನಿಂಗ್’ ಚಿತ್ರದ ಆರಂಭದಲ್ಲಿ ಬೆಟ್ಟದ ರಸ್ತೆಯಲ್ಲಿ ಸಾಗುವ ಪುಟ್ಟ ಹಳದಿ ಕಾರನ್ನು ಕ್ಯಾಮೆರಾ ಆಕಾಶದಿಂದ ಹಿಂಬಾಲಿಸುತ್ತದೆ. ಸರೋವರವಿದೆ, ಬಿಸಿಲಿದೆ, ಹೆದರಿಸುವಂಥದ್ದು ಏನೂ ಕಾಣುವುದಿಲ್ಲ. ಆದರೆ ಮಧ್ಯಯುಗದ ಕ್ರೈಸ್ತ ಶವಸಂಸ್ಕಾರದ ಸ್ತೋತ್ರವೊಂದರ ಧಾಟಿಯನ್ನು ಸಿಂಥಸೈಜರಿನ ತಗ್ಗು ಸ್ವರಗಳಲ್ಲಿ ನುಡಿಸಿರುವುದರಿಂದ, ಆ ಕಾರಿನವನ ಕುಟುಂಬದ ಗತಿ ಆಗಲೇ ನಿರ್ಧಾರವಾಗಿದೆ ಎನಿಸಿಬಿಡುತ್ತದೆ. ಮನೆಯ ಟಿವಿಯಲ್ಲಿ ತೆಳುವಾಗಿ ಕೇಳುವ ಆ ಸ್ವರ ಇಲ್ಲಿ ಆಸನದ ಹಿಡಿಗಳನ್ನೇ ನಡುಗಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಸರಿಯುವ ತಿಳಿನೀಲಿ ಅಕ್ಷರಗಳೂ, ಕಥೆ ಮುಗಿದ ಮೇಲೆ ಬರುವ ಹೆಸರುಗಳಂತೆ, ಅದೇ ಅಶುಭವನ್ನು ಸೂಚಿಸುತ್ತವೆ.

ಬೆಳಕಿನ ವಿಷಯದಲ್ಲಿ ಮಾತ್ರ ಆಡಳಿತದವರು ನಿರಾಸೆಗೊಳಿಸುತ್ತಾರೆ. 1978ರ ‘ಹ್ಯಾಲೋವೀನ್’ ಚಿತ್ರದ ಆರಂಭದ ದೃಶ್ಯ ಪ್ರೇಕ್ಷಕನನ್ನು ಕೊಲೆಗಾರನ ಕಣ್ಣೊಳಗೇ ಕೂರಿಸಿ, ಮುಖವಾಡದ ಹಿಂದಿನ ಉಸಿರಾಟವನ್ನು ಕೇಳಿಸಿ, ಕೊನೆಗೆ ಆ ಮುಖವಾಡ ಕಳಚಿದಾಗ ಆರು ವರ್ಷದ ಹುಡುಗನನ್ನು ತೋರಿಸುತ್ತದೆ. ಇಂಥ ದೀರ್ಘ ದೃಶ್ಯಕ್ಕೆ ಪೂರ್ಣ ಕತ್ತಲೆಯೇ ಬೇಕು. ಇಲ್ಲಿ ಗೋಡೆಯ ದೀಪಗಳು ಆರುವುದೇ ಆ ದೃಶ್ಯ ಮುಗಿದ ಮೇಲೆ. ತಡವಾಗಿ ಬಂದವರಿಗೆ ಆಸನ ತೋರಿಸುವ ಟಾರ್ಚು ಪರದೆಯ ಮೇಲೂ ಹರಿದಾಡುತ್ತದೆ. ಎಷ್ಟೋ ಶ್ರಮದಿಂದ ಕಟ್ಟಿದ ಬಿಗುವು ಹೀಗೆ ಒಡೆಯುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಆಸನಗಳು ಚೆನ್ನಾಗಿವೆ, ಟಿಕೆಟ್ ದರ ದುಬಾರಿಯಲ್ಲ. ಬಾಗಿಲಿನಿಂದ ದೂರದ ಮಧ್ಯದ ಸಾಲನ್ನೇ ಕಾಯ್ದಿರಿಸಿಕೊಳ್ಳಿ.