ಇನುಯಾಮಾ: ಕಿಸೊ ನದಿಯ ದಂಡೆಯ ಕೋಟೆ ಪಟ್ಟಣದಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ

ಜಪಾನಿನಲ್ಲಿ ಇಂದು ಪ್ರವಾಸಿಗರು ನೋಡುವ ಕೋಟೆಗಳಲ್ಲಿ ಹಲವು ಕಳೆದ ಶತಮಾನದಲ್ಲಿ ಕಾಂಕ್ರೀಟಿನಿಂದ ಮತ್ತೆ ಕಟ್ಟಿದವು. ಹೊರಗಿನಿಂದ ಹಳೆಯ ರೂಪವೇ ಕಂಡರೂ ಒಳಗೆ ಹೋದರೆ ಲಿಫ್ಟು ಮತ್ತು ಗಾಜಿನ ಪೆಟ್ಟಿಗೆಗಳು ಎದುರಾಗುತ್ತವೆ. ಹಳೆಯ ಕಾಲದ ಮುಖ್ಯ ಗೋಪುರ ಹಾಗೆಯೇ ಉಳಿದುಬಂದಿರುವುದು ಹನ್ನೆರಡು ಕೋಟೆಗಳಲ್ಲಿ ಮಾತ್ರ. ಅವುಗಳಲ್ಲಿ ‘ರಾಷ್ಟ್ರೀಯ ನಿಧಿ’ ಎಂಬ ಮಾನ್ಯತೆ ಪಡೆದವು ಐದು: ಹಿಮೆಜಿ, ಮತ್ಸುಮೊತೊ, ಹಿಕೊನೆ, ಮತ್ಸುಎ ಮತ್ತು ಇನುಯಾಮಾ. ಹಿಮೆಜಿಯ ಬೃಹತ್ ಆವರಣವನ್ನು ನೋಡಿ ಬಂದವರಿಗೆ ಇನುಯಾಮಾ ಚಿಕ್ಕದೆನಿಸಬಹುದು. ಆದರೆ ಒಂದು ಮಧ್ಯಾಹ್ನದೊಳಗೆ ಅವಸರವಿಲ್ಲದೆ ನದಿ, ಕೋಟೆ, ಚಹಾ ಮನೆ ಮತ್ತು ಹಳೆಯ ಪೇಟೆ ಎಲ್ಲವನ್ನೂ ನಡೆದೇ ನೋಡಲು ಸಾಧ್ಯವಾಗುವುದು ಈ ಚಿಕ್ಕತನದಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಗೋಯಾದಿಂದ ಮೆಯ್ತೆತ್ಸು ಕಂಪನಿಯ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ಹೆಚ್ಚಿನವರು ಇನುಯಾಮಾ ನಿಲ್ದಾಣದಲ್ಲಿ ಇಳಿದು ಪೇಟೆಯ ಮೂಲಕ ಕೋಟೆಗೆ ನಡೆಯುತ್ತಾರೆ. ಬೇಸಿಗೆಯಲ್ಲಿ ನಾನು ಶಿಫಾರಸು ಮಾಡುವುದು ಅದರ ಮುಂದಿನ ಇನುಯಾಮಾ ಯೂಎನ್ ನಿಲ್ದಾಣವನ್ನು. ಅಲ್ಲಿಂದ ಕಿಸೊ ನದಿಯ ದಂಡೆಯಲ್ಲೇ ಸುಮಾರು ಹದಿನೈದು ನಿಮಿಷ ನಡೆದರೆ ಕೋಟೆಯ ಗುಡ್ಡ ಸಿಗುತ್ತದೆ. ಹಿಂತಿರುಗಿ ನೋಡಿದರೆ 1925ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆಯ ಮೇಲೆ ಕೆಂಪು ರೈಲುಗಳು ಹಾದುಹೋಗುವುದು ಕಾಣುತ್ತದೆ. 2000ದಲ್ಲಿ ಪಕ್ಕದಲ್ಲಿ ರಸ್ತೆ ಸೇತುವೆ ಆಗುವವರೆಗೆ ಕಾರು ಮತ್ತು ರೈಲು ಎರಡೂ ಇದೇ ಸೇತುವೆಯ ಮೇಲೆ ಓಡುತ್ತಿದ್ದವು. ನಾಗಾನೊ ಪ್ರಾಂತದ ಬೆಟ್ಟಗಳಲ್ಲಿ ಹುಟ್ಟಿ 229 ಕಿಲೋಮೀಟರ್ ಹರಿದು ಇಸೆ ಕೊಲ್ಲಿಯನ್ನು ಸೇರುವ ಕಿಸೊ, ಇಲ್ಲಿ ಬೆಟ್ಟದ ಕಣಿವೆಯನ್ನು ಬಿಟ್ಟು ಬಯಲಿಗೆ ಇಳಿಯುತ್ತದೆ. ಈಚೆಯ ದಡ ಐಚಿ ಪ್ರಾಂತ, ಆಚೆಯ ದಡ ಗಿಫು. ಶಿಗಾ ಶಿಗೆತಾಕಾ ಎಂಬ ಭೂಗೋಳ ವಿದ್ವಾಂಸರು ಈ ಭಾಗವನ್ನು ಯುರೋಪಿನ ರೈನ್ ನದಿಗೆ ಹೋಲಿಸಿ ಜಪಾನಿನ ರೈನ್ ಎಂದು ಕರೆದರು, ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ನದಿಯ ಚೆಲುವಿಗೆ ಆ ಹೋಲಿಕೆಯ ಅಗತ್ಯವೇ ಇಲ್ಲವೆಂದು ದಂಡೆಯಲ್ಲಿ ನಡೆದವರು ಒಪ್ಪುತ್ತಾರೆ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ಪ್ರದೇಶದ ಉಷ್ಣತೆ 35 ಡಿಗ್ರಿ ದಾಟುವುದು ಸಾಮಾನ್ಯ, ಅದರ ಜೊತೆಗೆ ಬೆವರು ಆರದಂಥ ತೇವ ಬೇರೆ. ಆದ್ದರಿಂದ ನಡುಹಗಲಿನ ಹೊತ್ತನ್ನು ಕೋಟೆಗೆ ಕೊಡದೆ, ಅದರ ಪೂರ್ವಕ್ಕೆ ಕೂಗಳತೆಯಲ್ಲಿರುವ ಉರಾಕುಎನ್ ಉದ್ಯಾನಕ್ಕೆ ಕೊಡುವುದು ಮೇಲು. ಹದಿನಾರನೆಯ ಶತಮಾನದ ಬಲಿಷ್ಠ ಸೇನಾನಾಯಕ ಒಡಾ ನೊಬುನಾಗಾನ ತಮ್ಮನೂ ಚಹಾ ಕಲೆಯ ಆಚಾರ್ಯನೂ ಆಗಿದ್ದ ಒಡಾ ಉರಾಕು 1618ರ ಸುಮಾರಿಗೆ ಕ್ಯೋಟೊದ ಕೆನ್ನಿನ್‌ಜಿ ಮಠದ ಆವರಣದಲ್ಲಿ ಕಟ್ಟಿಸಿದ ಜೊಆನ್ ಎಂಬ ಚಹಾ ಮನೆ ಈಗ ಇಲ್ಲಿದೆ. ಕ್ಯೋಟೊದಿಂದ ಟೋಕಿಯೊಗೆ, ಅಲ್ಲಿಂದ ಒಇಸೊಗೆ, ಕಡೆಗೆ 1972ರಲ್ಲಿ ಇನುಯಾಮಾಕ್ಕೆ ಬಂದು ನೆಲೆಗೊಂಡ ಈ ಪುಟ್ಟ ಮನೆ, ದೇಶದಲ್ಲಿ ರಾಷ್ಟ್ರೀಯ ನಿಧಿಯೆನಿಸಿದ ಮೂರೇ ಚಹಾ ಮನೆಗಳಲ್ಲಿ ಒಂದು. ಬಿದಿರಿನ ಸೀಳುಗಳನ್ನು ಒತ್ತೊತ್ತಾಗಿ ಜೋಡಿಸಿದ ಕಿಟಕಿಯ ಮೂಲಕ ಒಳಗೆ ಬೆಳಕು ಸೋಸಿ ಬರುತ್ತದೆ. ಗೋಡೆಯ ಕೆಳಭಾಗಕ್ಕೆ ಹಳೆಯ ಪಂಚಾಂಗದ ಹಾಳೆಗಳನ್ನು ಅಂಟಿಸಲಾಗಿದೆ. ಅಧಿಕಾರದ ಹಪಾಹಪಿಯಲ್ಲಿ ಅಣ್ಣತಮ್ಮಂದಿರೂ ಕತ್ತಿ ಹಿಡಿದ ಯುಗದಲ್ಲಿ, ಆಳೆತ್ತರದ ಬಾಗಿಲನ್ನೂ ಇಡದೆ ಬಗ್ಗಿಯೇ ಒಳಬರುವಂತೆ ಮಾಡಿದ ಇಂಥ ಕೋಣೆಯನ್ನು ಒಬ್ಬ ಯೋಧ ಕಟ್ಟಿಸಿದನೆಂಬುದು ನನ್ನನ್ನು ಬಹಳ ಹೊತ್ತು ಅಲ್ಲಿ ನಿಲ್ಲಿಸಿತು.

ವಿಶೇಷ ದಿನಗಳನ್ನು ಬಿಟ್ಟರೆ ಜೊಆನ್‌ನ ಒಳಗೆ ಪ್ರವೇಶವಿಲ್ಲ. ಹೊರಗಿನಿಂದಲೇ ಇಣುಕಿ ನೋಡಬೇಕು. ಕೆಲವರಿಗೆ ಇದು ನಿರಾಸೆ ಉಂಟುಮಾಡಬಹುದು. ಆದರೆ ಅದೇ ತೋಟದ ಕೊಆನ್ ಎಂಬ ಇನ್ನೊಂದು ಕಟ್ಟಡದಲ್ಲಿ ಚಾಪೆಯ ಮೇಲೆ ಕುಳಿತು, ಒಂದು ಸಿಹಿ ತಿಂಡಿಯ ಜೊತೆ ಮಾಚಾ ಚಹಾ ಕುಡಿಯುವ ಏರ್ಪಾಡಿದೆ, ಅದನ್ನು ತಪ್ಪಿಸಬಾರದು. ಕಹಿಯಾದ ಹಸಿರು ಚಹಾ, ತೆರೆದ ಬಾಗಿಲಿನಾಚೆ ಪಾಚಿ ಹಬ್ಬಿದ ನೆಲ ಮತ್ತು ಮೇಪಲ್ ಮರಗಳ ನೆರಳು, ಬಿಡುವಿಲ್ಲದ ಜೀರುಂಡೆಗಳ ದನಿ. ಹೊರಗಿನ ಬಿಸಿಲಿನ ಕಾವು ಇಲ್ಲಿ ಅರ್ಧಕ್ಕರ್ಧ ಇಳಿದಂತೆ ತೋರುತ್ತದೆ. ಚಹಾ ತಂದಿಡುವವರು ಬಟ್ಟಲನ್ನು ಹೇಗೆ ತಿರುಗಿಸಬೇಕೆಂದು ತಿಳಿಯದ ಅತಿಥಿಗೂ ಸಂಕೋಚವಾಗದಂತೆ ನಡೆದುಕೊಳ್ಳುತ್ತಾರೆ. ಎದ್ದು ಹೋಗಿರೆಂಬ ಸೂಚನೆ ಎಲ್ಲಿಯೂ ಕಾಣಲಿಲ್ಲ. ಇಡೀ ಪಟ್ಟಣದಲ್ಲಿ ಕೊಟ್ಟ ಹಣಕ್ಕೆ ಅತ್ಯಂತ ಹೆಚ್ಚಿನ ತೃಪ್ತಿ ಸಿಕ್ಕಿದ್ದು ಇಲ್ಲಿಯೇ.

ಬಿಸಿಲು ವಾಲುತ್ತಿದ್ದಂತೆ ಕೋಟೆಯತ್ತ ಹೊರಡಬೇಕು. ಅದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ, ಕೊನೆಯ ಪ್ರವೇಶ ನಾಲ್ಕೂವರೆಗೆ. ನೊಬುನಾಗಾನ ಚಿಕ್ಕಪ್ಪ ಒಡಾ ನೊಬುಯಾಸು 1537ರಲ್ಲಿ ಈ ಗುಡ್ಡದ ಮೇಲೆ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಆದರೆ ಈಗ ನಿಂತಿರುವ ಗೋಪುರದ ಮರದ ಉಂಗುರಗಳನ್ನು ಎಣಿಸಿ ನೋಡಿದ ತಜ್ಞರು, ಅದರ ತೊಲೆ ಕಂಬಗಳಿಗೆ ಮರ ಕಡಿದದ್ದು 1580ರ ದಶಕದಲ್ಲಿ ಎಂದು 2021ರಲ್ಲಿ ತಿಳಿಸಿದರು. ಅಂದರೆ 1584ರಲ್ಲಿ, ನೊಬುನಾಗಾನ ಮರಣದ ನಂತರ ಪ್ರಾಬಲ್ಯಕ್ಕೆ ಬಂದ ಹಿದೆಯೋಶಿಯ ಸೇನೆ ಇಲ್ಲಿ ಬೀಡುಬಿಟ್ಟ ಕೊಮಾಕಿ–ನಾಗಾಕುತೆ ಯುದ್ಧದ ಆಸುಪಾಸಿನ ಕಟ್ಟಡವಿದು. 1617ರಲ್ಲಿ ಕೋಟೆ ನರುಸೆ ಮನೆತನದ ಕೈಗೆ ಬಂದಿತು. 1868ರಲ್ಲಿ ಆರಂಭವಾದ ಮೆಯ್ಜಿ ಕಾಲದಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡು ಸುತ್ತಲಿನ ಕಟ್ಟಡಗಳನ್ನು ಕೆಡವಿತು. 1891ರ ನೋಬಿ ಭೂಕಂಪದಲ್ಲಿ ಗೋಪುರಕ್ಕೆ ತೀವ್ರ ಹಾನಿಯಾಯಿತು. ರಿಪೇರಿಯ ಹೊಣೆ ಹೊರಬೇಕೆಂಬ ಷರತ್ತಿನ ಮೇಲೆ 1895ರಲ್ಲಿ ಅದು ಮತ್ತೆ ನರುಸೆಯವರದಾಯಿತು. ಅಂದಿನಿಂದ 2004ರಲ್ಲಿ ಒಂದು ಪ್ರತಿಷ್ಠಾನಕ್ಕೆ ಹಸ್ತಾಂತರವಾಗುವವರೆಗೂ ಈ ರಾಷ್ಟ್ರೀಯ ನಿಧಿ ಒಂದು ಕುಟುಂಬದ ಖಾಸಗಿ ಆಸ್ತಿಯಾಗಿತ್ತು. ಊರಿನವರ ನೆರವಿನೊಂದಿಗೆ ಆ ಮನೆತನ ಇದನ್ನು ಕಾಪಾಡದೆ ಹೋಗಿದ್ದರೆ ಇಲ್ಲಿಯೂ ಬಹುಶಃ ಕಾಂಕ್ರೀಟಿನ ಗೋಪುರವೇ ಇರುತ್ತಿತ್ತು.

ಬಾಗಿಲಲ್ಲಿ ಪಾದರಕ್ಷೆಗಳನ್ನು ಬಿಚ್ಚಿ ಚೀಲದಲ್ಲಿ ಹಿಡಿದುಕೊಂಡು ಒಳಗೆ ನಡೆಯಬೇಕು. ಈ ನಿಯಮವೇ ಇಡೀ ಭೇಟಿಯ ಅತ್ಯುತ್ತಮ ಅಂಶ. ಶತಮಾನಗಳ ಕಾಲ ಸವೆದು ನುಣುಪಾದ ಹಲಗೆ ಅಂಗಾಲಿಗೆ ನೇರವಾಗಿ ತಾಕುತ್ತದೆ. ತೊಲೆಗಳು ನೇರವಾಗಿ ಕೊಯ್ದವಲ್ಲ. ಮರದ ಸಹಜ ಬಾಗುವಿಕೆಯನ್ನು ಹಾಗೆಯೇ ಉಳಿಸಿಕೊಂಡು, ಆ ಬಾಗಿನಲ್ಲೇ ಭಾರ ಹೊರುವಂತೆ ಬಡಗಿಗಳು ಕೂಡಿಸಿದ್ದಾರೆ. ಕಾವಲುಗಾರರು ಓಡಾಡುತ್ತಿದ್ದ ಸುತ್ತಿನ ಓಣಿ, ಗೋಡೆಯಿಂದ ಹೊರಚಾಚಿ ಶತ್ರುವಿನ ಮೇಲೆ ಕಲ್ಲುರುಳಿಸಲು ಮಾಡಿದ ಚಾಚು, ಒಡೆಯನ ಕೋಣೆಯ ಹಿಂದೆ ಯೋಧರು ಅಡಗಿ ಕೂರುತ್ತಿದ್ದ ಕಿರುಕೋಣೆ ಇವೆಲ್ಲ ಅಲಂಕಾರವಿಲ್ಲದೆ ಇದ್ದಂತೆಯೇ ಇವೆ. ಹೊರಗಿನಿಂದ ಮೂರು ಅಂತಸ್ತು, ಒಳಗೆ ನಾಲ್ಕು ಮಹಡಿ, ಕೆಳಗೆ ಎರಡು ನೆಲಮಾಳಿಗೆ. ಮಹಡಿಯಿಂದ ಮಹಡಿಗೆ ಏರುವ ಮೆಟ್ಟಿಲುಗಳು ಅಟ್ಟಕ್ಕೆ ಒರಗಿಸಿದ ಏಣಿಯಷ್ಟು ಕಡಿದಾಗಿವೆ. ಮಂಡಿನೋವಿರುವ ಹಿರಿಯರನ್ನು, ಎತ್ತಿಕೊಳ್ಳಬೇಕಾದ ಮಕ್ಕಳನ್ನು ಕರೆದೊಯ್ಯುವವರು ಮೊದಲೇ ಯೋಚಿಸಬೇಕು, ಏಕೆಂದರೆ ಬೇರೆ ದಾರಿಯಿಲ್ಲ. ಲಿಫ್ಟು ಇಡದಿರುವುದನ್ನು ನಾನು ಕೊರತೆಯೆನ್ನಲಾರೆ, ಅದನ್ನು ಇಟ್ಟರೆ ನೋಡಲು ಬಂದ ವಸ್ತುವೇ ಕೆಡುತ್ತದೆ. ಆದರೆ ಮೇಲೇರಲಾಗದವರು ಅಂಗಳದ ನೆರಳಿನಲ್ಲಿ ಕುಳಿತು ಕಾಯಲು ಇನ್ನಷ್ಟು ಆಸನಗಳಿದ್ದರೆ ಚೆನ್ನಾಗಿರುತ್ತಿತ್ತು.

ಮೇಲಿನ ಮಹಡಿಯ ನಾಲ್ಕೂ ಕಡೆ ತೆರೆದ ಜಗಲಿಯಿದೆ. ಅದರ ಕಟಕಟೆ ಇಂದಿನವರ ಸೊಂಟಕ್ಕಿಂತಲೂ ತಗ್ಗು, ಆದ್ದರಿಂದ ಎತ್ತರಕ್ಕೆ ಹೆದರುವವರು ಗೋಡೆಗೆ ಒತ್ತಿಕೊಂಡೇ ಸುತ್ತುವುದನ್ನು ಕಾಣಬಹುದು. ಉತ್ತರಕ್ಕೆ ನೇರ ಕೆಳಗೆ ಕಿಸೊ ನದಿ. ಪಶ್ಚಿಮದಲ್ಲಿ, ಆಕಾಶ ತಿಳಿಯಾಗಿದ್ದರೆ, ಕಿಂಕಾ ಬೆಟ್ಟದ ಮೇಲಿನ ಗಿಫು ಕೋಟೆ. ದಕ್ಷಿಣದಲ್ಲಿ ಪೇಟೆಯ ಹೆಂಚಿನ ಮಾಡುಗಳು, ಅವುಗಳಾಚೆ ನಗೋಯಾದ ಎತ್ತರದ ಕಟ್ಟಡಗಳು. ನದಿ ದಾಟಿ ಬರುವ ಪಡೆಯನ್ನೂ ಬಯಲಿನಿಂದ ಬರುವ ಪಡೆಯನ್ನೂ ಒಂದೇ ಸುತ್ತಿನಲ್ಲಿ ಗುರುತಿಸಬಹುದಾದ ಈ ಜಾಗಕ್ಕಾಗಿ ಯಾಕೆ ಅಷ್ಟು ಹೋರಾಟ ನಡೆಯಿತೆಂಬುದು ಯಾವ ಫಲಕವನ್ನೂ ಓದದೆ ಇಲ್ಲಿ ತಿಳಿಯುತ್ತದೆ. ಬೇಸಿಗೆಯಲ್ಲಿ ಹೊಳೆಯ ಕಡೆಯಿಂದ ಬೀಸುವ ಗಾಳಿಯೇ ಹತ್ತಿದ ಶ್ರಮಕ್ಕೆ ಸಾಕಾದ ಪ್ರತಿಫಲ. ರಜಾದಿನಗಳಲ್ಲಿ ಮಾತ್ರ ಬಾಗಿಲಲ್ಲಿ ಉದ್ದನೆಯ ಸಾಲಿರುತ್ತದೆ. ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಒಳಿತು.

ಗುಡ್ಡದ ಬುಡದ ಸಾಂಕೊ ಇನಾರಿ ದೇಗುಲದಲ್ಲಿ ಗುಲಾಬಿ ಬಣ್ಣದ ಹೃದಯಾಕಾರದ ಹರಕೆ ಹಲಗೆಗಳನ್ನು ಕಟ್ಟಲು ಯುವಜನರು ಮುಗಿಬೀಳುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಸಾಗುವ ಹೊನ್ಮಾಚಿ ಬೀದಿಯ ಬಗ್ಗೆ ನನ್ನ ಮೆಚ್ಚುಗೆ ಮಿತವಾದದ್ದು. ಹಳೆಯ ವ್ಯಾಪಾರಿ ಮನೆಗಳ ಮುಂಭಾಗ ಚೆನ್ನಾಗಿ ಉಳಿದಿದೆ, ಆದರೆ ಹಲವು ಮನೆಗಳು ಫೋಟೊಕ್ಕೆಂದೇ ಬಣ್ಣಬಣ್ಣದ ಕಡ್ಡಿ ತಿಂಡಿ ಮಾರುವ ಅಂಗಡಿಗಳಾಗಿವೆ, ಅವುಗಳ ರುಚಿ ನೋಟಕ್ಕೆ ಸಮನಾಗಿಲ್ಲ. ತಿನ್ನುವುದಾದರೆ ಗೊಹೆಯ್ ಮೊಚಿಯನ್ನು ತಿನ್ನಬೇಕು: ಅನ್ನವನ್ನು ಅರೆಬರೆ ಕುಟ್ಟಿ, ಕಡ್ಡಿಗೆ ಮೆತ್ತಿ, ಮಿಸೊ (ಹುಳಿಬರಿಸಿದ ಸೋಯಾ ಮುದ್ದೆ) ಅಥವಾ ಸೋಯಾ ರಸದ ಜೊತೆ ಅಕ್ರೋಟು, ಎಳ್ಳು ಬೆರೆಸಿದ ಗೊಜ್ಜನ್ನು ಸವರಿ ಕೆಂಡದ ಮೇಲೆ ಸುಡುತ್ತಾರೆ. ತೋಫುವಿಗೆ ಐಚಿಯ ಕಡುಬಣ್ಣದ ಮಿಸೊ ಹಚ್ಚಿ ಸುಟ್ಟ ದೆಂಗಾಕು ಕೂಡ ಉತ್ತಮ. ಸಸ್ಯಾಹಾರಿಗಳು ಗೊಜ್ಜಿನಲ್ಲಿ ಮೀನಿನ ಸಾರು ಬೆರೆತಿದೆಯೇ ಎಂದು ಕೇಳಿಯೇ ಕೊಳ್ಳಬೇಕು, ಮತ್ತು ಚಿಕ್ಕ ಅಂಗಡಿಗಳಿಗಾಗಿ ನಗದು ಯೆನ್ ಇಟ್ಟುಕೊಂಡಿರಬೇಕು. ಉಬ್ಬಿದ ಬಿಲ್ಲಿನಂಥ ಮಾಡಿನ ಹಳೆಯ ಇಸೊಬೆ ಮನೆ ಮತ್ತು ಏಪ್ರಿಲ್ ಹಬ್ಬದ ಹದಿಮೂರು ರಥಗಳಲ್ಲಿ ನಾಲ್ಕನ್ನು ಇರಿಸಿರುವ ದೊಂದೆನ್‌ಕಾನ್ ಸಂಗ್ರಹಾಲಯ ತಿಂಡಿ ಅಂಗಡಿಗಳಿಗಿಂತ ಹೆಚ್ಚಿನ ಸಮಯಕ್ಕೆ ಅರ್ಹ. ಸಂಜೆ ಐದರ ಸುಮಾರಿಗೆ ಬೀದಿಯ ಬಹುಪಾಲು ಅಂಗಡಿಗಳು ಮುಚ್ಚುತ್ತವೆ.

ಅದಾದ ಮೇಲೂ ಉಳಿಯಬಲ್ಲವರಿಗೆ ಜೂನ್ 1ರಿಂದ ಅಕ್ಟೋಬರ್ 15ರವರೆಗೆ ನದಿಯಲ್ಲಿ ನೀರುಕಾಗೆಗಳಿಂದ ಮೀನು ಹಿಡಿಸುವ ಉಕಾಯ್ ನಡೆಯುತ್ತದೆ, ಅದನ್ನು ದೋಣಿಯಲ್ಲಿ ಕುಳಿತು ನೋಡಬಹುದು. ಹಕ್ಕಿಯ ಕತ್ತಿಗೆ ಕಟ್ಟಿದ ದಾರ ಸಣ್ಣ ಮೀನನ್ನು ಒಳಗೆ ಬಿಟ್ಟು ದೊಡ್ಡ ಅಯು ಮೀನನ್ನು ತಡೆಯುತ್ತದೆ. ಹಕ್ಕಿಯನ್ನು ಹೀಗೆ ದುಡಿಸುವುದನ್ನು ನೋಡಲು ಮನಸ್ಸಾಗದವರಿದ್ದಾರೆ, ಅವರ ಅಳುಕನ್ನು ನಾನು ಗೌರವಿಸುತ್ತೇನೆ. ಆದರೆ ಹನ್ನೆರಡು ತಿಂಗಳೂ ಹಕ್ಕಿಗಳೊಡನೆ ಬಾಳುವ ಆ ಮೀನುಗಾರರ ಕೈಚಳಕ ನಿಜವಾದ ವಿದ್ಯೆ. ಮಳೆಯಿಂದ ನೀರು ಏರಿದ ದಿನ ದೋಣಿ ಹೊರಡುವುದಿಲ್ಲ, ಆದ್ದರಿಂದ ಮುಂಗಡ ಕಾಯ್ದಿರಿಸಿದ್ದರೂ ಅಂದೇ ಒಮ್ಮೆ ವಿಚಾರಿಸಿಕೊಂಡು ದಂಡೆಗೆ ಇಳಿಯಬೇಕು.