ಇಲ್ಲದ ಹಡಗಿನ ಹೆಸರಿನಲ್ಲಿ ಇದ್ದ ಹಡಗನ್ನೇ ಕೊಂಡೆ

ಎಂದೂ ನೀರಿಗಿಳಿಯದ ಯುದ್ಧನೌಕೆಗಳ ಮಾದರಿ ಕಟ್ಟುವ ಹವ್ಯಾಸವುಳ್ಳವರು, ಅದರಲ್ಲೂ ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿ ಕಳುಹಿಸುವ ರೆಸಿನ್ (ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗುವ ದ್ರವ) ಕಿಟ್‌ಗಳಿಗೆ ಮುಂಗಡ ಹಣ ಕಟ್ಟಲು ಹೊರಟವರು, ನನಗಾದ ಅನುಭವವನ್ನು ಒಮ್ಮೆ ಓದಬೇಕೆಂದು ಕೋರುತ್ತೇನೆ. ಇದರಲ್ಲಿ ಮಾರಾಟಗಾರನ ಮೋಸದಷ್ಟೇ ನನ್ನ ಅವಸರದ ಪಾಲೂ ಇದೆ.

ನಾನು ಆರಿಸಿಕೊಂಡದ್ದು ಅಮೆರಿಕದ ಮೊಂಟಾನಾ ವರ್ಗದ ಬ್ಯಾಟಲ್‌ಶಿಪ್, ಅಂದರೆ ಭಾರೀ ತೋಪುಗಳ ದೊಡ್ಡ ಯುದ್ಧನೌಕೆ. ತಲಾ 3 ತೋಪುಗಳ 4 ಗೋಪುರಗಳಲ್ಲಿ 16 ಇಂಚಿನ (ನಳಿಗೆಯ ಬಾಯಿಯ ಅಗಲ) 12 ತೋಪುಗಳನ್ನು ಹೊರಬೇಕಿದ್ದ ಈ ವರ್ಗದ 5 ಹಡಗುಗಳಿಗೆ ಮಂಜೂರಾತಿ ದೊರೆತಿತ್ತಾದರೂ, ಒಂದರ ನಿರ್ಮಾಣವೂ ಆರಂಭವಾಗುವ ಮೊದಲೇ, 1943ರ ಜುಲೈನಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಹಡಗು ಹುಟ್ಟಲಿಲ್ಲ, ಆದರೆ ಅದರ ವಿನ್ಯಾಸದ ಅಳತೆಗಳು ಉಳಿದಿವೆ. ಕಿಟ್‌ನ ವಿವರಣೆಯಲ್ಲಿ ‘ಮೂಲ ನಕ್ಷೆಗಳ ಆಧಾರದಲ್ಲಿ, 1/700 ಅಳತೆಯಲ್ಲಿ’ ಎಂದು ಬರೆದಿತ್ತು. ಜೊತೆಗಿದ್ದ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ರಚಿಸಿದವು. ಮುದ್ರಿಸಿದ ಭಾಗದ ಒಂದೇ ಒಂದು ಛಾಯಾಚಿತ್ರವೂ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಪೆಟ್ಟಿಗೆ ಬಂದ ದಿನ ಉದ್ದವನ್ನಷ್ಟೇ ಅಳೆದೆ. 401 ಮಿಲಿಮೀಟರ್, ಸರಿಯಾಗಿಯೇ ಇತ್ತು. ಗೋಪುರಗಳು ಕೂರಬೇಕಾದ ದುಂಡು ಪೀಠಗಳು ತುಸು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಮುದ್ರಣದ ದೋಷವೆಂದು ಭಾವಿಸಿ, ಎರಡು ಸಂಜೆ ಕುಳಿತು ಅರದಿಂದ ತೀಡಿ ಸರಿಪಡಿಸಿದೆ. ಪ್ರೈಮರ್ ಬಳಿದು ಒಣಗಲೆಂದು ಕಪಾಟಿನಲ್ಲಿ, ನಾನು ಹಿಂದೆಯೇ ಕಟ್ಟಿ ಮುಗಿಸಿದ್ದ, ನಿಜವಾಗಿ ನೀರಿಗಿಳಿದ ಅಮೆರಿಕದ ಬ್ಯಾಟಲ್‌ಶಿಪ್ ಅಯೋವಾದ ಮಾದರಿಯ ಪಕ್ಕದಲ್ಲಿ ಇಟ್ಟಾಗ ಅನುಮಾನ ಮೂಡಿತು. ಎರಡೂ ಒಡಲುಗಳ ಅಗಲ ಒಂದೇ ಆಗಿತ್ತು.

ಹಾಗಿರಲು ಸಾಧ್ಯವಿಲ್ಲ. ಪನಾಮಾ ಕಾಲುವೆಯ ಅಂದಿನ ಲಾಕ್‌ಗಳು (ಹಡಗನ್ನು ನೀರಿನಿಂದ ಏರಿಸಿ ಇಳಿಸುವ ತೊಟ್ಟಿಗಳು) 110 ಅಡಿ ಅಗಲದವಾದ್ದರಿಂದ ಅಯೋವಾವನ್ನು 108 ಅಡಿ ಚಿಲ್ಲರೆಗೆ ಬಿಗಿಹಿಡಿದಿದ್ದರು. ಹೆಚ್ಚು ಅಗಲದ ಲಾಕ್‌ಗಳನ್ನು ಕಟ್ಟುವ ಯೋಜನೆ ಆಗ ಇದ್ದುದರಿಂದ ಮೊಂಟಾನಾದ ವಿನ್ಯಾಸಕರು ಆ ಮಿತಿಯನ್ನು ಬಿಟ್ಟು 121 ಅಡಿಗೆ ಹೋದರು. 1/700ರ ಲೆಕ್ಕದಲ್ಲಿ ಮೊಂಟಾನಾ ಸುಮಾರು 52.7 ಮಿಲಿಮೀಟರ್ ಅಗಲವಿರಬೇಕು, ಅಯೋವಾ 47. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದರೆ ನನ್ನ ‘ಮೊಂಟಾನಾ’ 47 ಮಿಲಿಮೀಟರ್ ಇತ್ತು. ಯಾರೋ ಅಯೋವಾದ ಮುದ್ರಣದ ಕಂಪ್ಯೂಟರ್ ಕಡತವನ್ನು ತೆಗೆದುಕೊಂಡು, ಉದ್ದಕ್ಕೆ ಮಾತ್ರ ಶೇಕಡಾ 4ರಷ್ಟು ಎಳೆದು, ಹಿಂಭಾಗದಲ್ಲಿ ಇನ್ನೊಂದು ಗೋಪುರಕ್ಕೆ ಜಾಗ ಮಾಡಿದ್ದರು. ದುಂಡು ಪೀಠಗಳು ಮೊಟ್ಟೆಯಾಕಾರ ತಾಳಿದ್ದೂ ಅದೇ ಎಳೆತದಿಂದ. ನಾನು ಎರಡು ಸಂಜೆ ತೀಡಿದ್ದು ಸಾಕ್ಷ್ಯವನ್ನೇ! ಪಕ್ಕದ 5 ಇಂಚಿನ ತೋಪುಗಳೂ ಅಯೋವಾದ ಗಿಡ್ಡ ನಳಿಗೆಯವೇ ಆಗಿದ್ದವು. ಮೊಂಟಾನಾಕ್ಕೆಂದು ಗೊತ್ತುಮಾಡಿದ್ದ ನಳಿಗೆಗಳು ಅವಕ್ಕಿಂತ 2 ಮೀಟರ್ ಉದ್ದದವು, ಅಂದರೆ ಮಾದರಿಯಲ್ಲಿ ಸುಮಾರು 3 ಮಿಲಿಮೀಟರ್ ವ್ಯತ್ಯಾಸ, ಬರಿಗಣ್ಣಿಗೆ ಕಾಣುವಷ್ಟು.

ಮಾರಾಟಗಾರನಿಗೆ ಅಳತೆಗಳ ಸಮೇತ ಬರೆದಾಗ ಬಂದ ಉತ್ತರ ಇಷ್ಟೇ: ಇರದೇ ಇದ್ದ ಹಡಗಿಗೆ ಸರಿ ಯಾವುದು, ತಪ್ಪು ಯಾವುದು? ಈ ಮಾತು ನಮ್ಮ ಹವ್ಯಾಸದಲ್ಲಿ ಅನೇಕರನ್ನು ಬಾಯಿ ಮುಚ್ಚಿಸುತ್ತದೆ. ಸೆನೆಟರ್ ಟಿಲ್‌ಮನ್ ಅವರ ಒತ್ತಾಯಕ್ಕಾಗಿ 1916-17ರಲ್ಲಿ ಅಮೆರಿಕದ ನೌಕಾಪಡೆ ಬರೆದ, 18 ಇಂಚಿನ 15 ತೋಪುಗಳ 80,000 ಟನ್ನಿನ ದೈತ್ಯನಂಥ ಪ್ರಾಥಮಿಕ ರೇಖಾಚಿತ್ರವಾಗಿದ್ದರೆ, ಕಟ್ಟುವವನ ಊಹೆಗೆ ಸಾಕಷ್ಟು ಜಾಗವಿದೆ. ತನ್ನ ಕಲ್ಪನೆಯದೆಂದು ಹೇಳಿಕೊಂಡು ಮಾರುವವನ ಮೇಲೂ ನನಗೆ ಯಾವ ದೂರಿಲ್ಲ. ಆದರೆ ಮೂಲ ನಕ್ಷೆಯ ಹೆಸರು ಹೇಳಿ ಹಣ ಪಡೆದವನು ಆ ನಕ್ಷೆಗೆ ಉತ್ತರ ಕೊಡಬೇಕಾಗುತ್ತದೆ.

ಎರಡನೆಯ ತೊಂದರೆ ತಿಂಗಳೆರಡು ಕಳೆದ ಮೇಲೆ ಕಂಡಿತು. ಹಿಂಭಾಗದ ತಳದಲ್ಲಿ ಬಣ್ಣ ಗುಳ್ಳೆಯೆದ್ದು, ಕೂದಲೆಳೆಯಷ್ಟು ಬಿರುಕಿನಿಂದ ಅಂಟಾದ ದ್ರವ ಒಸರುತ್ತಿತ್ತು. ರೆಸಿನ್ ಉಳಿಸಲು ಒಡಲನ್ನು ಟೊಳ್ಳಾಗಿ ಮುದ್ರಿಸಿದ್ದರು. ಒಳಗೆ ಉಳಿದ ಹಸಿ ರೆಸಿನ್ ಹೊರಹೋಗಲು ರಂಧ್ರವನ್ನೇ ಬಿಟ್ಟಿರಲಿಲ್ಲ. ನೇರಳಾತೀತ ಬೆಳಕು ತಲುಪದೆ ಗಟ್ಟಿಯಾಗದ ಆ ದ್ರವ ಒಳಗಿನಿಂದಲೇ ಗೋಡೆಯನ್ನು ಬಿರಿಸುತ್ತದೆ. ಅದು ಏನೆಂದು ತಿಳಿಯದೆ ಬರಿಗೈಯಲ್ಲಿ ಒರೆಸಿದೆ. ಬೆರಳುಗಳ ಸಂದಿಯಲ್ಲಿ ಕೆಂಪು ದದ್ದುಗಳೆದ್ದು ವಾರಗಟ್ಟಲೆ ತುರಿಕೆ ಬಿಡಲಿಲ್ಲ. ಹಸಿ ರೆಸಿನ್ ಒಮ್ಮೆ ಅಲರ್ಜಿ ಉಂಟುಮಾಡಿದರೆ ಮುಂದೆ ಅಲ್ಪಸ್ವಲ್ಪ ತಗುಲಿದರೂ ಅದು ಮರುಕಳಿಸಬಹುದಾದ್ದರಿಂದ, ಇಂಥ ಕಿಟ್‌ಗಳನ್ನು ನೈಟ್ರೈಲ್ ಕೈಗವಸಿಲ್ಲದೆ ಮುಟ್ಟಬೇಡಿ. ತೀಡುವಾಗ ನೀರು ಹಾಕಿ ತೀಡಿ, ಮಾಸ್ಕ್ ತೊಡಿ.

ಹಣ ಕಟ್ಟುವ ಮೊದಲು ಮುದ್ರಿತ ಒಡಲಿನ ಅತ್ಯಂತ ಅಗಲದ ಭಾಗಕ್ಕೆ ಕ್ಯಾಲಿಪರ್ ಹಿಡಿದು ತೆಗೆದ ಚಿತ್ರವನ್ನೂ, ತಳಭಾಗದ ಚಿತ್ರವನ್ನೂ ಕೇಳಿ ಪಡೆಯಿರಿ. ಉದ್ದ ಸರಿಯಿದೆ ಎಂದಷ್ಟಕ್ಕೇ ಕಿಟ್ಟನ್ನು ನಂಬಬೇಡಿ, ಎಳೆದು ಸರಿಮಾಡಲು ಅತಿ ಸುಲಭವಾದದ್ದು ಅದೇ. ಒಡಲು ಟೊಳ್ಳೋ ಗಟ್ಟಿಯೋ, ಟೊಳ್ಳಾದರೆ ರಂಧ್ರ ಎಲ್ಲಿದೆ, ಒಳಭಾಗವನ್ನು ತೊಳೆದು ಗಟ್ಟಿ ಮಾಡಿದ್ದಾರೆಯೇ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ.

ನನ್ನ ಹಣ ಮರಳಲಿಲ್ಲ. ಮೂರನೆಯ ಪತ್ರದ ನಂತರ ಉತ್ತರಗಳೂ ನಿಂತವು. ಎರಡೂ ವರ್ಗಗಳಿಗೆ ಗೊತ್ತಾಗಿದ್ದುದು ಒಂದೇ ಬಗೆಯ 16 ಇಂಚಿನ ತೋಪಾದ್ದರಿಂದ ಆ ಕಿಟ್‌ನ ನಾಲ್ಕು ಗೋಪುರಗಳಷ್ಟೇ ಉಪಯೋಗಕ್ಕೆ ಬಂದಿವೆ. ಅವುಗಳಿಗಾಗಿ ಈಗ ಪ್ಲಾಸ್ಟಿಕ್ ಹಾಳೆಯಿಂದ, 52.7 ಮಿಲಿಮೀಟರ್ ಅಗಲಕ್ಕೆ, ಹೊಸ ಒಡಲೊಂದನ್ನು ನಾನೇ ಕತ್ತರಿಸುತ್ತಿದ್ದೇನೆ.